ನೀಲಿಗೂ ಹಳದಿಗೂ ನಡುವೆ

ಬಿಸಿಲು ಈಗ ಕಿಟಕಿಯ ಬುಡದಲ್ಲಿದೆ, ಒಂದು ಕರವಸ್ತ್ರ ಹಾಸಿದಷ್ಟು, ಅದರ ಅಂಚು ಕಲ್ಲುಹಾಸಿನ ಮೊದಲ ಸಂದನ್ನು ಇನ್ನೇನು ಮುಟ್ಟಬೇಕು, ಮುಟ್ಟಿತು — ಅಲ್ಲ, ಇನ್ನೂ ಇಲ್ಲ, ಬಿಸಿಲಿಗೇನು ಅವಸರ, ಬೆಕ್ಕಿನ ಹಾಗೆ ಮೈಮುರಿದು ತನ್ನ ಪಾಡಿಗೆ ಬರುತ್ತದೆ, ಸಂಗ್ರಹಾಲಯದ ಈ ಉದ್ದನೆಯ ಕೋಣೆ ಮಧ್ಯಾಹ್ನ ಕಳೆದ ಮೇಲೆ ಹೀಗೆಯೇ, ಅರ್ಧ ನಿದ್ದೆ, ಬಾಗಿಲ ಕಾವಲುಗಾರ ಸ್ಟೂಲಿನ ಮೇಲೆ ತಲೆ ತೂಗುತ್ತಾನೆ, ಯಾವುದೋ ಮಗು ಆ ತುದಿಯಲ್ಲಿ ಗುಂಡಿ ಒತ್ತಿದರೆ ಯಾವುದೋ ಲೋಲಕ ಆಡತೊಡಗುತ್ತದೆ, ಅವಳೊಬ್ಬಳು ಮಾತ್ರ ಗೋಡೆ ಬದಿಯ ಬೆಂಚಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಾಳೆ, ಎದುರಿಗೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ಕಿಟಕಿ, ಕಿಟಕಿಯ ಆಚೆ ಎರಡು ಕಟ್ಟಡಗಳ ನಡುವಿನ ಓಣಿ. ಸೂರ್ಯ ಇಳಿದು ಆ ಓಣಿಯ ಬಾಯಿಗೆ ಬಂದಾಗ ಪೆಟ್ಟಿಗೆಯ ಹಿಂದಿನಿಂದ ನೇರವಾಗಿ ಈ ಬೆಂಚಿಗೆ ಬೆಳಕು ಹೊಡೆಯುತ್ತದೆ. ಆಗ ಗೊತ್ತಾಗುತ್ತದೆ. ಪೆಟ್ಟಿಗೆಯೊಳಗೆ ಏಳು ಕೋಲು, ಎಲ್ಲ ಒಂದೇ ದಪ್ಪ, ಒಂದೇ ಉದ್ದ, ಬಣ್ಣ ಮಾತ್ರ ಏಳು, ಒಂದೊಂದು ಒಂದೊಂದು ಕಡೆಗೆ ಓರೆಯಾಗಿ ಚಾಚಿಕೊಂಡಿದೆ, ಮೊದಲ ಸಲ ನೋಡಿದವರು ಕಾಗೆ ಗೂಡು ಅನ್ನಬೇಕು, ಆದರೆ ಕಾಗೆಗೆ ಈ ಬುದ್ಧಿ ಎಲ್ಲಿಂದ ಬರಬೇಕು, ಇಲ್ಲಿ ಪ್ರತಿಯೊಂದು ಕೋಲೂ ಉಳಿದ ಆರಕ್ಕೂ ತಾಗಿಕೊಂಡಿದೆ, ಒಂದನ್ನೂ ಬಿಟ್ಟಿಲ್ಲ. ತಾಗಿಕೊಂಡಿರಬೇಕು. ಕೆಂಪು ತಾಗಿದೆ, ಹಸಿರು ತಾಗಿದೆ, ಬಿಳಿಯದರ ಬಗ್ಗೆ ಮಾತೇ ಇಲ್ಲ, ನೀಲಿ ಮತ್ತು ಹಳದಿ — ಬೇಡ, ಬಿಸಿಲು ಬರಲಿ. ಮಾಡಿದವಳು ಅವಳೇ.

ಒಂದೂ ಸಂದಿಲ್ಲ ನೋಡಿ, ಸಂಜೆ ಬಿಸಿಲಲ್ಲಿ ನೋಡಿದ್ರೂ ಒಂದೇ ಒಂದು ಬೆಳಕಿನ ಗೆರೆ ಕಾಣಲ್ಲ, ನೋಡೋದಾದ್ರೆ ಆ ಬೆಂಚಿನ ಹತ್ರ ಹೋಗಿ ನೋಡಿ — ಬೆಳಗ್ಗೆ ಪ್ರದರ್ಶನ ತೆರೆದಾಗ ಲೆಕ್ಕದಮ್ಮ ಬಂದವರಿಗೆಲ್ಲ ಹೀಗೆ ಸಾರುತ್ತಿದ್ದಳು, ಪೆಟ್ಟಿಗೆಯನ್ನು ಈ ಕಿಟಕಿಗೇ ಇಡಬೇಕು ಎಂದು ಹಟ ಹಿಡಿದವಳೂ ಅವಳೇ, ಗಣಿತ ಕಲಿಸುವ ಹೆಂಗಸು, ಬಾಯಿ ತುಂಬ ನಗು, ಬ್ಯಾಗಿನ ತುಂಬ ಪೆನ್ಸಿಲು, ಕಾರ್ಯಾಗಾರಕ್ಕೆ ಮೊದಲ ದಿನ ಬಂದು ಮರದ ಪುಡಿ ತುಂಬಿದ ಮೇಜಿನ ಮೇಲೆ ನಾಲ್ಕು ಚೆಂಡು ಇಟ್ಟಳು, ಮೂರು ಕೆಳಗೆ ಒಂದು ಮೇಲೆ, ನೋಡಿ ಅಕ್ಕಾ, ನಾಲ್ಕೂ ನಾಲ್ಕಕ್ಕೂ ತಾಗಿವೆ ಅಲ್ವಾ, ಈಗ ಐದನೇದು ಇಡಿ, ಎಲ್ಲದಕ್ಕೂ ತಾಗೋ ಹಾಗೆ. ಎಲ್ಲಿ ಇಟ್ಟರೂ ಯಾವುದೋ ಒಂದಕ್ಕೆ ಮುನಿಸು. ಆಗಲ್ಲ, ಚೆಂಡಿನ ಹಣೆಬರಹ ಅಷ್ಟೇ, ಒಂದು ಚೆಂಡಿನ ಸುತ್ತ ಹನ್ನೆರಡು ಕೂರಿಸಬಹುದು, ಹನ್ನೆರಡು ಕೂತ ಮೇಲೂ ಅಲ್ಲಲ್ಲಿ ಜಾಗ ಮಿಕ್ಕಿರುತ್ತೆ, ಆದ್ರೂ ಹದಿಮೂರನೇದು ಹಿಡಿಸಲ್ಲ, ಮದುವೆ ಮನೆ ಬಸ್ಸಲ್ಲ ನೋಡಿ ಸ್ವಲ್ಪ ಒತ್ತರಿಸಿ ಕೂರಿ ಅನ್ನೋಕೆ. ಅಕ್ಕ ನಕ್ಕಿದ್ದಳು, ಕಾರ್ಯಾಗಾರದಲ್ಲಿ ಎಲ್ಲರಿಗೂ ಅವಳು ಅಕ್ಕ, ತಲೆ ನರೆತ ಮುಖ್ಯಸ್ಥನಿಗೂ ಅಕ್ಕ. ಆಮೇಲೆ ಪೆನ್ಸಿಲು ಹೊರಬಂದವು, ಕೋಲಾದ್ರೆ ಏಳರ ತನಕ ಆಗುತ್ತೆ ಅಕ್ಕಾ, ಉದ್ದಕ್ಕೆ ಎಷ್ಟು ಬೇಕಾದ್ರೂ ಬೆಳೆಯೋ ಕೋಲು, ತುದಿಗಿದಿಯಲ್ಲಿ ಮೋಸ ಇಲ್ಲ, ಹೊಟ್ಟೆಗೆ ಹೊಟ್ಟೆ ತಾಗ್ಬೇಕು. ಎಂಟನೇದು? ಅದು ಯಾರಿಗೂ ಗೊತ್ತಿಲ್ಲ, ಆಗುತ್ತೆ ಅಂತ ತೋರಿಸಿದವರೂ ಇಲ್ಲ, ಆಗಲ್ಲ ಅಂತ ತೋರಿಸಿದವರೂ ಇಲ್ಲ, ಇನ್ನು ಕೋಲು ಬಿಟ್ಟು ಬೇರೆ ಆಕಾರ ಕೊಡಿ, ಮೂಲೆಗೀಲೆ ಜಾಣತನದಿಂದ ಕೊರೆದ ಗಟ್ಟಿ ತುಂಡು, ಒಂದೇ ಅಚ್ಚಿನವು, ಆಗ ನೂರು ಬೇಕಾದ್ರೂ ಒಂದಕ್ಕೊಂದು ತಾಗಿಸಬಹುದು, ಕಾಗದದ ಮೇಲೆ. ಕಾಗದದ ಮೇಲೆ ಎಲ್ಲವೂ ತಾಗುತ್ತದೆ ತಾಯಿ, ಮರದಲ್ಲಿ ತಾಗಿಸಬೇಕಾದವಳು ನಾನು, ಎಂದಿದ್ದಳು ಅಕ್ಕ. ಗೊತ್ತು, ಅದಕ್ಕೇ ನಿಮ್ಮ ಹತ್ರ ಬಂದೆ, ನಿಮ್ಮ ಬೆರಳಿನ ಕಥೆ ಊರೆಲ್ಲ ಹೇಳ್ತಾರೆ.

ಬೆರಳಿನ ಕಥೆ. ಬಿಸಿಲು ಮೊದಲ ಸಂದು ದಾಟಿತು. ಆ ಕಥೆಗೆ ಮೂಲ ಚಿಕ್ಕಪ್ಪ, ಬಡಗಿ ಚಿಕ್ಕಪ್ಪ, ಕಿವಿಯ ಮೇಲೆ ಸದಾ ಒಂದು ಮೊಂಡು ಪೆನ್ಸಿಲು, ಮಾತಾಡಿದರೆ ಬಾಯಿಂದ ಮೊಳೆ ಬಿದ್ದೀತು ಎನ್ನುವವನ ಹಾಗೆ ತುಟಿ ಬಿಗಿ ಹಿಡಿದವನು, ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಅವಳು ಇಡೀ ದಿನ ಅವನ ಕೊಟ್ಟಿಗೆಯಂಥ ಕೋಣೆಯಲ್ಲಿ, ಕಣ್ಣು ಮುಚ್ಚು ಅನ್ನುತ್ತಾನೆ, ಮುಚ್ಚಿದ್ದಾಳೆ, ಎದುರಿಗೆ ಹಲಗೆಯ ಮೇಲೆ ಅವನು ಒಂದು ಕೂದಲು ಇಟ್ಟು ಅದರ ಮೇಲೆ ಕಾಗದ ಹಾಸುತ್ತಾನೆ, ಎಲ್ಲಿದೆ ಹೇಳು. ಬೆರಳು ಹೋಗುತ್ತದೆ, ನಿಧಾನ, ನಿಧಾನ ಕಣೇ, ಒತ್ತಬೇಡ, ಒತ್ತಿದ್ರೆ ಬೆರಳಿಗೆ ಕಿವುಡು ಬರುತ್ತೆ — ಇಲ್ಲಿ ಚಿಕ್ಕಪ್ಪ. ಹೂಂ. ಇನ್ನೊಂದು ಕಾಗದ, ಇಲ್ಲಿ. ಇನ್ನೊಂದು. ಮೂರು ಕಾಗದದ ಕೆಳಗೆ ಇರುವ ಕೂದಲು ಬೆರಳ ತುದಿಗೆ ಸಿಕ್ಕಾಗ ಮೈಯೆಲ್ಲ ಕಚಗುಳಿ ಇಟ್ಟ ಹಾಗೆ ಆಗುತ್ತಿತ್ತು, ಇಡೀ ಜಗತ್ತು ಕಣ್ಣು ಮುಚ್ಚಿಕೊಂಡು ತನಗೆ ಮಾತ್ರ ಕಿವಿಯಲ್ಲಿ ಏನೋ ಹೇಳಿದ ಹಾಗೆ, ಅವಳು ನಗುತ್ತಿದ್ದಳು, ಚಿಕ್ಕಪ್ಪನೂ ನಗುತ್ತಿದ್ದ, ಬಾಯಲ್ಲಿ ಮೊಳೆ ಇಲ್ಲದ್ದು ಆಗ ಕಾಣುತ್ತಿತ್ತು. ಎರಡು ಹಲಗೆ ಕೂಡಿಸಿ ಮೇಲೆ ಬೆರಳು ಸವರಿ ಹೇಳಬೇಕು, ಏನು ಸಿಗ್ತು? ಸಣ್ಣ ಅಂಚು ಚಿಕ್ಕಪ್ಪ. ಮತ್ತೆ ಉಜ್ಜುತ್ತಾನೆ. ಈಗ? ಈಗ ಏನೂ ಇಲ್ಲ. ಹಾಂ, ಏನೂ ಇಲ್ಲ ಅಂತ ಬೆರಳು ಅಂದ್ರೆ ಕೆಲಸ ಮುಗೀತು ಅಂತ, ತಿಳ್ಕೋ. ತಿಳಿದುಕೊಂಡಳು, ಅದೊಂದನ್ನೇ ಇಡೀ ಆಯುಷ್ಯಕ್ಕಾಗುವಷ್ಟು ತಿಳಿದುಕೊಂಡಳು. ಆಮೇಲೆ ಸಂಗ್ರಹಾಲಯದ ಕಾರ್ಯಾಗಾರಕ್ಕೆ ಸೇರಿದಾಗ ಉಳಿದವರು ಎರಡು ತುಂಡುಗಳ ನಡುವೆ ತೆಳು ಕಾಗದದ ಪಟ್ಟಿ ಎಳೆದು ನೋಡುತ್ತಿದ್ದರು, ಕಾಗದ ಜಾರಿದರೆ ಸಂದಿದೆ, ಸಿಕ್ಕಿಕೊಂಡರೆ ಸರಿ, ಅವಳು ಕಾಗದವನ್ನು ಮುಟ್ಟಿದವಳೇ ಅಲ್ಲ, ಬೆರಳು ಸವರಿ ಹೂಂ ಅನ್ನುತ್ತಿದ್ದಳು, ಅಕ್ಕ ಹೂಂ ಅಂದ್ರೆ ಮುಗೀತು, ಅಂಟು ಹಾಕಿ ಅನ್ನುತ್ತಿದ್ದರು ಎಲ್ಲರೂ.

ಎಲ್ಲರಿಗೂ ಎಲ್ಲರೂ ತಾಗಬೇಕು — ಇದೂ ಒಂದು ಆಟವಾಗಿತ್ತಲ್ಲ, ಎಲ್ಲಿ, ಹಳೆಯ ಮನೆಯ ಮಹಡಿಯ ಕೋಣೆ, ರಜೆಯಲ್ಲಿ ಅತ್ತೆಯ ಮಕ್ಕಳು ದೊಡ್ಡಮ್ಮನ ಮಕ್ಕಳು ಎಲ್ಲ ಸೇರಿದಾಗ, ಕೈ ಲೆಕ್ಕಕ್ಕಿಲ್ಲ, ಕಾಲು ಲೆಕ್ಕಕ್ಕಿಲ್ಲ, ಕೊರಡಿನ ಹಾಗೆ ಮಲಗಿ ಮೈಗೆ ಮೈ ತಾಗಬೇಕು, ಒಬ್ಬರ ಮೇಲೊಬ್ಬರು ಓರೆಯಾಗಿ, ಅಯ್ಯೋ ನನ್ನ ಹೊಟ್ಟೆ, ಏ ದಡಿಯಾ ಏಳೋ, ಇವಳು ನನಗೆ ತಾಗಿಲ್ಲ, ತಾಗಿದೀನಿ ಕಣೋ, ತಾಗಿಲ್ಲ, ಸುಳ್ಳಿ, ಅಡಿಯಲ್ಲಿ ಸಿಕ್ಕಿದವಳು ಅವಳೇ, ಕತ್ತಲೆ, ಬೆವರಿನ ವಾಸನೆ, ಯಾರ ಬೆನ್ನೋ ಯಾರ ತೊಡೆಯೋ, ಆದರೂ ಚರ್ಮಕ್ಕೆ ಗೊತ್ತಿತ್ತು, ಇದು ದೊಡ್ಡಮ್ಮನ ಮಗಳ ಭುಜ, ಇದು ಕುಳ್ಳನ ಮೊಣಕಾಲ ಚಿಪ್ಪು, ಎಣಿಸಿ ಹೇಳಬಲ್ಲವಳು ಅವಳೊಬ್ಬಳೇ, ಐದು ಜನ ತಾಗಿದಾರೆ, ಕುಳ್ಳಂದು ಬರೀ ಕಾಲು, ಲೆಕ್ಕಕ್ಕಿಲ್ಲ. ಅಷ್ಟರಲ್ಲಿ ದೊಡ್ಡಮ್ಮ ಮೆಟ್ಟಿಲ ಕೆಳಗಿನಿಂದ ಕೂಗುತ್ತಾಳೆ, ಏನ್ರೋ ಅದು ಚಾವಣಿ ಬೀಳೋ ಹಾಗೆ, ಎಲ್ಲರೂ ಉಸಿರು ಬಿಗಿ ಹಿಡಿಯುತ್ತಾರೆ, ಆ ಮೌನದಲ್ಲಿ ಎಲ್ಲರ ಉಸಿರೂ ಅವಳ ಮೈಗೆ ಬಂದು ತಾಗುತ್ತದೆ, ಬೆಚ್ಚಗೆ, ಬೇರೆ ಬೇರೆಯಾಗಿ. ಅವರೆಲ್ಲ ಈಗ ಎಲ್ಲೆಲ್ಲೋ ಇದ್ದಾರೆ, ಚೆನ್ನಾಗಿಯೇ ಇದ್ದಾರೆ, ಕುಳ್ಳ ಈಗ ಬಾಗಿಲಿಗೆ ತಲೆ ಹೊಡೆಸಿಕೊಳ್ಳುವಷ್ಟು ಎತ್ತರ. ಬಿಸಿಲು ಪೆಟ್ಟಿಗೆಯ ಪೀಠದ ಕಾಲಿಗೆ ಬಂದಿದೆ.

ನೀಲಿಗೂ ಹಳದಿಗೂ ನಡುವೆ ಒಂದು ಗೆರೆ ಬೆಳಕು, ಕೂದಲಿನಷ್ಟು, ಕಣ್ಣು ಮುಚ್ಚಿದರೆ ಅದೇ, ಅದು ನಿಜವಾಗಿ ಇದೆಯೋ ಇಲ್ಲವೋ, ಕಣ್ಣೊಳಗೆ ಮಾತ್ರ ದಿನಾ ಉರಿಯುತ್ತದೆ, ಅನ್ನ ಕಲಸುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ. ಅವತ್ತು ಕೋಲುಗಳನ್ನೆಲ್ಲ ಚೌಕಟ್ಟಿಗೆ ಕೂರಿಸಿ, ತುದಿಯ ತಿರುಪುಗಳನ್ನು ಒಂದೊಂದು ಎಳೆ ತಿರುಗಿಸಿ, ಒಂದನ್ನು ಸರಿ ಮಾಡಿದರೆ ಇನ್ನೊಂದು ಬಿಡುತ್ತದೆ, ಅದನ್ನು ಸರಿ ಮಾಡಿದರೆ ಮೊದಲಿನದು ಮುಖ ತಿರುಗಿಸುತ್ತದೆ, ನೆಂಟರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ ಹಾಗೆ, ಕೊನೆಗೆ ಒಂದೊಂದಾಗಿ ಎಲ್ಲವೂ ಒಪ್ಪಿದವು, ಉಳಿದದ್ದು ನೀಲಿ-ಹಳದಿ, ಅದು ಎಲ್ಲದರ ಹೊಟ್ಟೆಯೊಳಗೆ, ಕಾಗದದ ಪಟ್ಟಿ ಅಲ್ಲಿಗೆ ಹೋಗುವುದಿಲ್ಲ, ಹೋದರೂ ಮಡಚಿಕೊಳ್ಳುತ್ತದೆ. ಅಂಟಣ್ಣ ಅಂಟಿನ ಡಬ್ಬಿ ಹಿಡಿದು ನಿಂತಿದ್ದಾನೆ, ಜೊತೆಗೆ ಕೆಲಸ ಮಾಡುವವನು, ಅಂಟು ಬಿಟ್ಟರೆ ಬೇರೆ ಮಾತಿಲ್ಲದವನು, ಅಕ್ಕಾ, ನಿಮ್ಮ ಕಿರುಬೆರಳೇ ಗತಿ. ಕಿರುಬೆರಳನ್ನು ಒಳಗೆ ಬಿಟ್ಟಳು, ಕಣ್ಣು ಮುಚ್ಚಿದಳು, ಸವರಿದಳು, ಒತ್ತಲಿಲ್ಲ, ನಿಧಾನ, ನಿಧಾನ ಕಣೇ. ಏನೂ ಇಲ್ಲ. ಇನ್ನೊಂದು ಸಲ. ಏನೂ ಇಲ್ಲ, ಇಷ್ಟು ನುಣುಪಾದ ಏನೂ ಇಲ್ಲ ಅವಳಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ, ಅಂಚಿಲ್ಲ ಸಂದಿಲ್ಲ ತರಿಯಿಲ್ಲ, ಎದೆ ಉಬ್ಬಿಹೋಯಿತು, ಚಿಕ್ಕಪ್ಪ ಇದ್ದಿದ್ದರೆ ಎಂದುಕೊಂಡಳು, ಹೂಂ ಅಂದಳು. ಅಂಟಣ್ಣ ತಿರುಪುಗಳ ಬುಡಕ್ಕೆಲ್ಲ ಅಂಟು ಬಿಟ್ಟ, ಅಂಟು ಕಲ್ಲಾಯಿತು, ಗಾಜಿನ ಪೆಟ್ಟಿಗೆ ಕೂತಿತು, ಎಲ್ಲರೂ ಚಪ್ಪಾಳೆ ತಟ್ಟಿದರು.

ಅದೇ ಸಂಜೆ ಮನೆಯಲ್ಲಿ ಒಲೆಯ ಮೇಲೆ ಪಾತ್ರೆ ಕೊತಕೊತ ಕುದಿಯುತ್ತಿತ್ತು, ಮುಚ್ಚಳವನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡು ಉಪ್ಪು ಸಾಕೋ ಬೇಕೋ ಎಂದು ಯೋಚಿಸುತ್ತ ನಿಂತಿದ್ದಾಳೆ, ನಿಂತೇ ಇದ್ದಾಳೆ, ಏನೋ ಸುಟ್ಟ ವಾಸನೆ, ಏನು ತಳ ಹಿಡಿಯಿತು ಎಂದು ಪಾತ್ರೆಯೊಳಗೆ ಬಗ್ಗಿ ನೋಡುತ್ತಾಳೆ, ತಳ ಹಿಡಿದಿಲ್ಲ, ವಾಸನೆ ಬರುತ್ತಿರುವುದು ಅವಳ ಬೆರಳುಗಳಿಂದ. ಮುಚ್ಚಳ ಬಿದ್ದು ನೆಲದ ಮೇಲೆ ಗಿರಗಿರನೆ ಸುತ್ತಿತು, ಸುತ್ತುತ್ತಲೇ ಇತ್ತು, ಅವಳು ಬೆರಳು ನೋಡಿದಳು, ಬೊಬ್ಬೆ ಏಳುತ್ತಿತ್ತು, ನೋವು ಎಲ್ಲಿ, ನೋವು ಬರಲಿ ಎಂದು ಕಾದಳು, ಬರಲಿಲ್ಲ, ಮಣಿಕಟ್ಟಿನ ಹತ್ತಿರ ಬಿಸಿ ಹಬೆ ತಾಗಿದ್ದು ಉರಿಯಿತು, ಬೆರಳು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಹಾಗಾದರೆ ಕಿರುಬೆರಳು ಹೇಳಿದ ಏನೂ ಇಲ್ಲ — ಸಂದು ಇಲ್ಲ ಅಂತಲೋ, ಬೆರಳೇ ಇಲ್ಲ ಅಂತಲೋ? ಆಮೇಲೆ ಒಂದೊಂದೇ ನೆನಪಾಯಿತು, ಚಳಿಯ ಬೆಳಗಿನಲ್ಲಿ ಬೆರಳ ತುದಿ ಸುಣ್ಣದ ಹಾಗೆ ಬೆಳ್ಳಗಾಗುತ್ತಿದ್ದುದು, ಬ್ಯಾಗಿನೊಳಗೆ ಕೈ ಬಿಟ್ಟರೆ ಬೀಗದ ಕೈ ಸಿಗದೆ ಎಲ್ಲವನ್ನೂ ಹಾಸಿಗೆಯ ಮೇಲೆ ಸುರಿದು ಹುಡುಕುತ್ತಿದ್ದುದು, ರವಿಕೆಯ ಗುಂಡಿಯನ್ನು ಕನ್ನಡಿ ನೋಡಿಕೊಂಡು ಹಾಕುತ್ತಿದ್ದುದು, ವಯಸ್ಸಾಯ್ತು ಎಂದು ತಾನೇ ತನಗೆ ಸಮಾಧಾನ ಹೇಳಿಕೊಂಡದ್ದು. ಕಾರ್ಯಾಗಾರದ ಆ ಮರ ಉಜ್ಜುವ ಮೆಷಿನ್ನು, ಅದೇ ಇರಬೇಕು, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿಯಬೇಕು ಅದನ್ನು, ಗುಂಯ್ ಎಂದು ಭುಜದ ತನಕ ನಡುಗಿಸುತ್ತಿತ್ತು, ನಿಲ್ಲಿಸಿದ ಮೇಲೂ ಬೆರಳೊಳಗೆ ಜೇನುಹುಳ ಗುಂಯ್‌ಗುಟ್ಟುತ್ತಿದ್ದವು, ಎಷ್ಟು ವರ್ಷ, ಜೇನುಹುಳ ಯಾವತ್ತು ಸುಮ್ಮನಾದವೋ ಗೊತ್ತೇ ಆಗಲಿಲ್ಲ, ಸುಮ್ಮನಾದದ್ದು ಒಳ್ಳೆಯದೇ ಆಯಿತು ಎಂದುಕೊಂಡಿದ್ದಳು, ಪೆದ್ದಿ. ಯಾರಿಗೂ ಹೇಳಿಲ್ಲ. ಹೇಳಿದರೆ ಅಯ್ಯೋ ಪಾಪ ಅಂತಾರೆ, ಮುಖ್ಯಸ್ಥ ಒಳ್ಳೆಯವನು, ಅಕ್ಕಾ ನೀವು ಟಿಕೆಟ್ ಕೊಡೋ ಕಡೆ ಕೂತ್ಕೊಳ್ಳಿ, ಫ್ಯಾನ್ ಇದೆ ಅಂತಾನೆ, ಫ್ಯಾನಿಗೆ ಬೆಂಕಿ ಬೀಳಲಿ. ಬೆರಳಿಲ್ಲದೆ ಹೋದರೆ ಅವಳು ಯಾರು? ಗೆರೆ ಕಂಡರೆ ಬೆರಳು ಸತ್ತಿದೆ, ಕಾಣದಿದ್ದರೆ ಬದುಕಿದೆ, ಅಷ್ಟೇ, ಇನ್ನು ಬೇರೆ ಪರೀಕ್ಷೆ ಬೇಡ ಎಂದು ತೀರ್ಮಾನ ಮಾಡಿ ಈ ಬೆಂಚಿಗೆ ಬಂದು ಕೂತಿದ್ದಾಳೆ.

ಓಹೋ, ಮಹಾರಾಣಿಯವರು ದರ್ಬಾರು ನಡೆಸ್ತಾ ಇದಾರೆ. ಗಂಡ. ಕನ್ನಡಕದ ಅಂಗಡಿಯವನು, ಬೆಳಗಿನಿಂದ ಸಂಜೆಯ ತನಕ ಊರಿನವರ ಮೂಗಿನ ಮೇಲೆ ಕನ್ನಡಕ ಇಟ್ಟು ತೆಗೆದು ಇಟ್ಟು ತೆಗೆದು, ಈಗ ಅಂಗಡಿ ಬೇಗ ಮುಚ್ಚಿ ಬಂದಿದ್ದಾನೆ, ಅಂಗಿಯ ಜೇಬಿನಲ್ಲಿ ಗಾಜು ಒರೆಸುವ ಬಟ್ಟೆ ಹಾಗೇ ನೇತಾಡುತ್ತಿದೆ. ಬಂದ್ರಾ, ಅಂದಳು. ಬರದೆ ಏನು, ಹೆಂಡತಿ ಏಳು ಕೋಲಿಗೆ ಮದುವೆ ಮಾಡಿಸಿದಾಳೆ, ನಾನು ಬರದಿದ್ರೆ ಹೆಣ್ಣಿನ ಕಡೆಯವರು ಏನಂದ್ಕೊಂಡಾರು — ಎಲ್ಲಿ, ಇದೇನಾ, ಇದಕ್ಕೇನೇ ನೀನು ಎರಡು ತಿಂಗಳು ನನಗೆ ಉಪ್ಪಿಲ್ಲದ ಸಾರು ಹಾಕಿದ್ದು? ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದ, ಗಾಜಿನ ಮೇಲೆ ಯಾರದೋ ಮಗುವಿನ ಮೂಗಿನ ಗುರುತು ಕಂಡು ಸುಮ್ಮನಿರಲಾರದೆ ಜೇಬಿನ ಬಟ್ಟೆಯಲ್ಲಿ ಒರೆಸಿದ, ಬಂದು ಅವಳ ಬಲಕ್ಕೆ ಕೂತ, ಬೆಂಚು ಕಿರ್ರೆಂದಿತು. ಕೈ ಹೇಗಿದೆಯೇ? ಎಡಗೈಯ ಪಟ್ಟಿ ನೋಡಿ ಕೇಳಿದ್ದು, ಉಳಿ ತಾಗಿತು ಎಂದಿದ್ದಳು ಅವನಿಗೆ. ವಾಸಿಯಾಗ್ತಿದೆ, ಅಂದಳು. ಉಳಿ ಹೇಗೆ ತಾಗಿಸ್ಕೊಂಡೆ, ನೀನು ಇಷ್ಟು ವರ್ಷದಲ್ಲಿ ಒಂದು ಸಲ ತಾಗಿಸ್ಕೊಂಡವಳಲ್ಲ. ಗಮನ ಎಲ್ಲೋ ಇತ್ತು ರೀ. ಅವನು ಅಂಗಡಿಯಲ್ಲಿ ಅಕ್ಷರ ಓದಲಾರದ ಗಿರಾಕಿ ಊಹಿಸಿ ಓದುವಾಗ ನೋಡುತ್ತಾನಲ್ಲ, ಹಾಗೆ ಒಂದು ಗಳಿಗೆ ನೋಡಿ ಮುಖವನ್ನು ಆ ಕಡೆ ತಿರುಗಿಸಿದ, ಅವನಿಗೆ ಸುಳ್ಳು ಹೇಳುವುದು ಕಷ್ಟ, ಹೇಳಿಬಿಡಲೇ, ಈಗಲೇ, ರೀ ನನ್ನ ಬೆರಳು — ಬಿಸಿಲು ಪೀಠ ಹತ್ತುತ್ತಿದೆ. ಆಮೇಲೆ. ಗೆರೆ ಇಲ್ಲದಿದ್ದರೆ ಹೇಳುವುದೇನೂ ಇರುವುದಿಲ್ಲ.

ಬನ್ನಿ ಬನ್ನಿ, ಈಗ ಬರುತ್ತೆ ನೋಡಿ ಬೆಳಕು, ಲೆಕ್ಕದಮ್ಮ ಒಂದು ಹಿಂಡು ಜನರನ್ನು ಕರೆದುಕೊಂಡು ಬಂದಳು, ಮೇಷ್ಟ್ರೊಬ್ಬರು, ಎತ್ತಿಕೊಂಡ ಮಗುವಿನ ಜೊತೆ ಒಬ್ಬಳು ತಾಯಿ, ಯಾರ್ಯಾರೋ, ಇವ್ರೇ ಮಾಡಿದ್ದು, ಈ ಅಕ್ಕ, ಇವರ ಬೆರಳು ಇದೆಯಲ್ಲ — ಬೇಡ ತಾಯಿ, ಬಾಯಿಗೆ ಬೀಗ ಹಾಕಿಕೋ, ಬೆರಳಿನ ಮಾತು ಎತ್ತಬೇಡ ಈಗ — ಅವಳು ಬಲಗೈಯನ್ನು ಬೆಂಚಿನ ಮೇಲೆ ಊರಿ ಮುಂದಕ್ಕೆ ಬಾಗುತ್ತಾಳೆ, ಯಾರ ಮುಖವನ್ನೂ ನೋಡುವುದಿಲ್ಲ, ಬೆಳಕು ಗಾಜಿನ ಕೆಳಗಿನ ಅಂಚಿಗೆ ಬಂತು, ಬಂತು, ಏರಿತು, ಪೆಟ್ಟಿಗೆ ತುಂಬಿಕೊಂಡಿತು, ಥಟ್ಟನೆ ಕೋಣೆಯೆಲ್ಲ ಜೇನಿನ ಬಣ್ಣ, ಜನರ ಕೂದಲ ಅಂಚು ಹೊಳೆಯುತ್ತದೆ, ಮಗುವಿನ ಕಿವಿ ಕೆಂಪಗೆ ಪಾರದರ್ಶಕ, ಕೋಲುಗಳ ನೆರಳು ನೆಲದ ಮೇಲೆ ಉದ್ದಕ್ಕೆ ಚಾಚಿ ಅವಳ ಮಡಿಲಿಗೆ ಬಂದು ಬೀಳುತ್ತದೆ, ಬಣ್ಣವೆಲ್ಲ ಹೋಗಿ ಎಲ್ಲವೂ ಕಪ್ಪು, ಯಾವುದು ನೀಲಿ ಯಾವುದು ಹಳದಿ, ಅದು, ಅದು ಅಲ್ಲ, ಇದು, ಕಣ್ಣನ್ನು ಸರಿಯಾದ ಮಟ್ಟಕ್ಕೆ ತರಬೇಕು, ಸ್ವಲ್ಪ ಮೇಲಾದರೂ ಒಂದು ಇನ್ನೊಂದನ್ನು ಮರೆಮಾಡುತ್ತದೆ, ಕತ್ತು ತಗ್ಗಿಸುತ್ತಾಳೆ, ಇನ್ನೂ, ಇನ್ನೊಂದು ಎಳೆ, ಉಸಿರು ಬಿಗಿ ಹಿಡಿದಿದ್ದಾಳೆ, ಮಹಡಿಯ ಕೋಣೆಯಲ್ಲಿ ಎಲ್ಲರ ಕೆಳಗೆ ಸಿಕ್ಕಿಕೊಂಡ ಹಾಗೆ ಕತ್ತಲೆ, ದೊಡ್ಡಮ್ಮ ಕೂಗುತ್ತಾಳೆ, ಚಿಕ್ಕಪ್ಪ ಕಾಗದ ಹಾಸುತ್ತಾನೆ, ಎಲ್ಲಿದೆ ಹೇಳು, ಎರಡು ಕೋಲಿನ ಅಂಚೂ ಒಂದೇ ನೇರಕ್ಕೆ ಬರುತ್ತವೆ, ಇದೇ ಜಾಗ, ಗೆರೆ ಇದ್ದರೆ ಇಲ್ಲೇ ಕಾಣಬೇಕು, ಸುತ್ತ ಎಲ್ಲ ಕಡೆ ಬೆಂಕಿಯಂಥ ಬೆಳಕು, ನಡುವೆ —

ಕಪ್ಪು. ಗೆರೆ ಇಲ್ಲ. ಕಣ್ಣು ಮಿಟುಕಿಸಿ ಮತ್ತೆ ನೋಡಿದಳು, ಕತ್ತನ್ನು ಕೂದಲಿನಷ್ಟು ಮೇಲೆ, ಕೂದಲಿನಷ್ಟು ಕೆಳಗೆ, ಇಲ್ಲ, ಎಲ್ಲೂ ಇಲ್ಲ, ನೀಲಿ ಹಳದಿಗೆ ತಾಗಿದೆ, ಹೊಟ್ಟೆಗೆ ಹೊಟ್ಟೆ, ಅಪ್ಪಿಕೊಂಡ ಹಾಗೆ, ಅಬ್ಬಾ, ಹೋದ ಜೀವ ಬಂತು, ಹೊಟ್ಟೆಯಲ್ಲಿ ಹಾಲು ಹುಯ್ದ ಹಾಗೆ ತಣ್ಣಗೆ, ಕಿರುಬೆರಳೇ ನನ್ನ ಬಂಗಾರವೇ, ನಿನ್ನನ್ನು ಅನುಮಾನಿಸಿದೆನಲ್ಲ, ಏನೂ ಇಲ್ಲ ಅಂದಿದ್ದೆ, ನಿಜವಾಗಿಯೂ ಏನೂ ಇರಲಿಲ್ಲ, ಮುಚ್ಚಳದ್ದು ಏನೋ ಮೈಮರೆವು, ಉಪ್ಪಿನ ಯೋಚನೆಯಲ್ಲಿದ್ದೆ, ಯಾರಿಗೂ ಆಗುತ್ತದೆ, ಗುಂಡಿ ಕನ್ನಡಿ ನೋಡಿ ಹಾಕಿದರೆ ಏನೀಗ, ಜಗತ್ತೇ ಕನ್ನಡಿ ನೋಡುತ್ತದೆ, ನಾಳೆ ಕಾರ್ಯಾಗಾರಕ್ಕೆ ಹೋಗಿ ಲೆಕ್ಕದಮ್ಮನ ಹೊಸ ಹುಚ್ಚು ಏನಿದೆಯೋ ಅದನ್ನೂ ಶುರು ಮಾಡುವುದು, ಆ ಜಾಣ ಮೂಲೆಯ ಗಟ್ಟಿ ತುಂಡುಗಳು, ನೂರಲ್ಲದಿದ್ದರೆ ಹತ್ತಾದರೂ, ಹತ್ತೂ ಹತ್ತಕ್ಕೂ ತಾಗುವ ಹಾಗೆ, ಬೆರಳು ಇದೆಯಲ್ಲ. ಎಲ್ಲಿ ಗೆರೆ, ಕಾಣ್ತಾ ಇಲ್ವಲ್ಲಾ, ಎಂದರು ಮೇಷ್ಟ್ರು. ಕಾಣಲ್ಲ ಸಾರ್, ಕಾಣಲ್ಲ ಅನ್ನೋದೇ ವಿಷಯ, ಎಂದಳು ಲೆಕ್ಕದಮ್ಮ, ಎಲ್ಲರೂ ನಕ್ಕರು, ಅವಳೂ ನಕ್ಕಳು, ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬಂತು, ಬಿಸಿಲಿಗೆ ಇರಬೇಕು ಎಂದುಕೊಳ್ಳಲಿ ನೋಡುವವರು, ಈ ಸಂತೋಷ ಒಬ್ಬಳಿಗೇ ಹಿಡಿಸುವುದಿಲ್ಲ, ರೀ, ಅಂದಳು, ಪೆಟ್ಟಿಗೆಯಿಂದ ಕಣ್ಣು ತೆಗೆಯದೆ, ರೀ, ನನ್ನ ಕೈ ಹಿಡ್ಕೊಳ್ರಿ ಒಂಚೂರು.

ಹಿಡ್ಕೊಂಡೇ ಇದೀನಲ್ಲೇ, ಆಗ್ಲಿಂದ.

ಕೆಳಗೆ ನೋಡಿದಳು. ಬೆಂಚಿನ ಮೇಲೆ ಅವಳ ಬಲಗೈ, ಅದರ ನಾಲ್ಕೂ ಬೆರಳನ್ನು ಮುಚ್ಚಿಕೊಂಡು ಅವನ ಎಡಗೈ, ಕಿರುಬೆರಳೂ ಅದರೊಳಗೆ, ಯಾವಾಗ ಬಂತು ಈ ಕೈ, ಮೇಷ್ಟ್ರು ಬಂದಾಗಲೋ, ಬೆಳಕು ಏರಿದಾಗಲೋ, ಅದಕ್ಕೂ ಮೊದಲೋ, ಅವನ ಮುಖದ ನಗು ಇನ್ನೂ ಪೂರ್ತಿ ಹೋಗಿಲ್ಲ, ಏನೋ ಅರ್ಥವಾಗುತ್ತಿದೆ ಅವನಿಗೆ, ನಿಧಾನವಾಗಿ, ಕಣ್ಣು ಸಣ್ಣದಾಗುತ್ತಿದೆ, ಏನೇ, ಅನ್ನುತ್ತಾನೆ, ಏನೇ ಇದು, ಒತ್ತುತ್ತಾನೆ, ಅವನ ಉಗುರು ಬೆಳ್ಳಗಾದದ್ದು ಅವಳಿಗೆ ಕಾಣುತ್ತದೆ, ಕಾಣುತ್ತದೆ ಅಷ್ಟೇ, ಇನ್ನೂ ಗಟ್ಟಿಯಾಗಿ ಒತ್ತುತ್ತಾನೆ, ಬಿಸಿಲು ಅವರಿಬ್ಬರ ಕೈಯ ಮೇಲೂ ಬಂದು ಬಿದ್ದಿದೆ, ಅವನ ಬೆರಳಿಗೂ ಅವಳ ಬೆರಳಿಗೂ ನಡುವೆ ಅವಳು ಹುಡುಕುತ್ತಾಳೆ, ಕತ್ತು ತಗ್ಗಿಸಿ, ಕೂದಲಿನಷ್ಟು ಮೇಲೆ, ಕೂದಲಿನಷ್ಟು ಕೆಳಗೆ, ಬೆಳಕಿನ ಗೆರೆ ಇಲ್ಲ, ಎಲ್ಲೂ ಇಲ್ಲ, ಗೆರೆ ಇಲ್ಲ —